ಮಾರಿಷಸ್‌ನ ಅಳಿದ ಪ್ರಾಣಿಗಳ ಬಗ್ಗೆ ಪ್ರಬಂಧ ಬರೆಯುವುದು ಹೇಗೆ?

ಮಾರಿಷಸ್‌ನ ಅಳಿದುಹೋದ ಪ್ರಾಣಿಗಳ ಬಗ್ಗೆ ಬರೆಯಲು ಕೂರುವ ವಿದ್ಯಾರ್ಥಿಗಳು ಮೊದಲು ದ್ವೀಪಗಳನ್ನು ಬೇರ್ಪಡಿಸಿಕೊಳ್ಳಬೇಕು. ಡೋಡೋ ಎಂಬ ಹಾರಲಾರದ ಹಕ್ಕಿ ಬದುಕಿದ್ದದ್ದು ಮಾರಿಷಸ್ ದ್ವೀಪದಲ್ಲಿ ಮಾತ್ರ. ಅದರ ಹತ್ತಿರದ ಬಂಧುವಾದ ಸಾಲಿಟೇರ್ ಹಕ್ಕಿ ಇದ್ದದ್ದು ಅದೇ ದೇಶಕ್ಕೆ ಸೇರಿದ ರೊಡ್ರಿಗಸ್ ದ್ವೀಪದಲ್ಲಿ. ಹಳೆಯ ಪುಸ್ತಕಗಳು ‘ಬಿಳಿ ಡೋಡೋ’ ಎಂದು ತೋರಿಸುವ ಹಕ್ಕಿಯ ನೆಲೆ ಫ್ರಾನ್ಸ್‌ಗೆ ಸೇರಿದ ರೀಯೂನಿಯನ್ ದ್ವೀಪ ಎಂದು ಹೇಳಲಾಗುತ್ತಿತ್ತು. ಅಲ್ಲಿ ದೊರೆತ ಮೂಳೆಗಳು ಐಬಿಸ್ ಜಾತಿಯ ಹಕ್ಕಿಯವು. ಹಾಗಾಗಿ ಅದನ್ನು ಪಟ್ಟಿಯಿಂದ ಕೈಬಿಡಿ.

ಸಾಕ್ಷ್ಯಗಳಲ್ಲಿ ಮೂಳೆಗೆ ಮೊದಲ ಸ್ಥಾನ ಕೊಡಿ. ಮಾರಿಷಸ್ ದ್ವೀಪದ ಆಗ್ನೇಯ ಭಾಗದ ಮಾರ್ ಓ ಸಾಂಜ್ ಎಂಬ ಜೌಗುನೆಲದಲ್ಲಿ 1865ರಲ್ಲಿ ಜಾರ್ಜ್ ಕ್ಲಾರ್ಕ್ ಎಂಬ ಶಾಲಾ ಶಿಕ್ಷಕರಿಗೆ ಡೋಡೋ ಮೂಳೆಗಳು ಹೇರಳವಾಗಿ ಸಿಕ್ಕವು. ವಸ್ತುಸಂಗ್ರಹಾಲಯಗಳಲ್ಲಿ ನಾವು ನೋಡುವ ಬಹುಪಾಲು ಅಸ್ಥಿಪಂಜರಗಳು ಹಲವು ಹಕ್ಕಿಗಳ ಮೂಳೆಗಳನ್ನು ಸೇರಿಸಿ ನಿಲ್ಲಿಸಿದಂಥವು. ಮಾರಿಷಸ್‌ನ ರಾಜಧಾನಿ ಪೋರ್ಟ್ ಲೂಯಿಯ ವಸ್ತುಸಂಗ್ರಹಾಲಯದಲ್ಲಿ ಮಾತ್ರ ಒಂದೇ ಹಕ್ಕಿಯ ಅಸ್ಥಿಪಂಜರವಿದ್ದು, ಅದನ್ನು ಹುಡುಕಿಕೊಟ್ಟವರು ಎಟಿಯೆನ್ ತಿರಿಯು ಎಂಬ ಕ್ಷೌರಿಕರು. ಆದ್ದರಿಂದ ಅಳತೆ, ತೂಕಗಳನ್ನು ಬರೆಯುವಾಗ ಅವು ಒಂದು ಹಕ್ಕಿಯವೋ ಹಲವು ಹಕ್ಕಿಗಳವೋ ಎಂದು ವಿಚಾರಿಸಿ.

ಚಿತ್ರಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಯುರೋಪಿನ ಅನೇಕ ಚಿತ್ರಗಳು ಒಂದನ್ನೊಂದು ನೋಡಿ ಬರೆದವು. ಅವುಗಳಲ್ಲಿ ಕಾಣುವ ವಿಪರೀತ ದಪ್ಪನೆಯ ಡೋಡೋವನ್ನು ಹಾಗೆಯೇ ನಂಬಲಾಗದು. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರ್ ಬರೆದನೆಂದು ಹೇಳಲಾಗುವ ಚಿತ್ರವನ್ನು ಹೆಚ್ಚು ವಿಶ್ವಾಸಾರ್ಹವೆಂದು ಪರಿಗಣಿಸುತ್ತಾರೆ. ಅದೇ ಕಾಲದಲ್ಲಿ ಪೀಟರ್ ಮಂಡಿ ಎಂಬ ಪ್ರವಾಸಿ ಸೂರತ್‌ನಲ್ಲಿ ಎರಡು ಡೋಡೋಗಳನ್ನು ಕಂಡದ್ದಾಗಿ ದಾಖಲಿಸಿದ್ದಾನೆ. ಭಾರತದ ಓದುಗರಿಗಾಗಿ ಬರೆಯುವವರು ಈ ನಂಟನ್ನು ಖಂಡಿತ ಸೇರಿಸಬೇಕು. ಬದುಕಿರುವ ಹಕ್ಕಿಗಳಲ್ಲಿ ಡೋಡೋಗೆ ಅತಿ ಹತ್ತಿರದ ಸಂಬಂಧಿ ನಿಕೋಬಾರ್ ಪಾರಿವಾಳ ಎಂಬುದನ್ನೂ ಮರೆಯಬೇಡಿ.

ಅಳಿದ ವರ್ಷವನ್ನು ಖಚಿತವಾಗಿ ಹೇಳಲು ಅವಸರ ಬೇಡ. ಡೋಡೋವನ್ನು ಕೊನೆಯ ಬಾರಿ ಕಂಡದ್ದಕ್ಕೆ ಸಾಮಾನ್ಯವಾಗಿ ಒಪ್ಪಿತವಾದ ವರ್ಷ 1662. ಆದರೆ ಅದು ಕೊನೆಯ ಹಕ್ಕಿ ಸತ್ತ ವರ್ಷವಲ್ಲ. ಅನಂತರದ ದಾಖಲೆಗಳಲ್ಲಿ ಕೆಲವು, ಅದೇ ದ್ವೀಪದಲ್ಲಿದ್ದು ಈಗ ಅಳಿದಿರುವ, ನೀರುಕೋಳಿಗಳ ಬಂಧುವಾದ ‘ಕೆಂಪು ರೈಲ್’ ಎಂಬ ಹಕ್ಕಿಯನ್ನು ಕುರಿತವು ಎಂದು ಸಂಶೋಧಕರು ವಾದಿಸುತ್ತಾರೆ.

ಕಾರಣವನ್ನು ಬರೆಯುವಾಗ ‘ನಾವಿಕರು ಕೊಂದು ತಿಂದರು’ ಎಂದು ಮುಗಿಸಿಬಿಡುವುದು ನ್ಯಾಯವಲ್ಲ. ಡಚ್ಚರು 1598ರಲ್ಲಿ ಬಂದಿಳಿದ ಮೇಲೆ ಬೇಟೆ ನಡೆದದ್ದು ನಿಜ. ಆದರೆ ನೆಲದ ಮೇಲೆ ಗೂಡು ಕಟ್ಟಿ ಒಂದೇ ಮೊಟ್ಟೆ ಇಡುತ್ತಿದ್ದ ಹಕ್ಕಿಗೆ, ಮನುಷ್ಯರ ಜೊತೆ ಬಂದ ಇಲಿ, ಹಂದಿ ಮತ್ತು ಮಂಗಗಳಿಂದ ಆದ ಹಾನಿ ಅದಕ್ಕಿಂತ ದೊಡ್ಡದು.

ಡೋಡೋ ಒಂದರಲ್ಲೇ ಪ್ರಬಂಧ ಮುಗಿಯಬಾರದು. ಎರಡು ಜಾತಿಯ ದೈತ್ಯ ಆಮೆಗಳು, ಅಗಲ ಕೊಕ್ಕಿನ ಗಿಳಿ, ನೀಲಿ ಪಾರಿವಾಳ, ಚಿಕ್ಕ ಹಣ್ಣುಬಾವಲಿ ಇವೂ ಅಲ್ಲಿಂದ ಹೋದವು. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮಾರಿಷಸ್‌ನ ಉತ್ತರಕ್ಕಿರುವ ರೌಂಡ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪದ ಬಿಲ ತೋಡುವ ಬೋವಾ ಹಾವು. ಮನುಷ್ಯರು ತಂದುಬಿಟ್ಟ ಮೇಕೆ, ಮೊಲಗಳು ಗಿಡಗಂಟಿಗಳನ್ನೆಲ್ಲ ಮೇಯ್ದುಬಿಟ್ಟವು. ಬರಿದಾದ ನೆಲದ ಮಣ್ಣು ಕೊಚ್ಚಿಹೋಯಿತು. ಅದರಲ್ಲಿ ವಾಸಿಸುತ್ತಿದ್ದ ಹಾವು 1975ರ ನಂತರ ಯಾರಿಗೂ ಕಂಡಿಲ್ಲ. ಇದು ನಮ್ಮ ಹಿರಿಯರ ಜೀವಿತಕಾಲದಲ್ಲೇ ನಡೆದ ನಷ್ಟವಾದ್ದರಿಂದ ಇದಕ್ಕೆ ಒಂದು ಪೂರ್ಣ ಪುಟವನ್ನಾದರೂ ಮೀಸಲಿಡಿ.

ಕೊನೆಗೆ, ಅಳಿವಿನಂಚಿನಿಂದ ಮರಳಿದವುಗಳನ್ನು ಈ ಪಟ್ಟಿಗೆ ಸೇರಿಸದಂತೆ ನೋಡಿಕೊಳ್ಳಿ. 1974ರಲ್ಲಿ ಕಾಡಿನಲ್ಲಿ ಕೇವಲ 4 ಉಳಿದಿದ್ದ ಮಾರಿಷಸ್ ಚಾಣ ಹಕ್ಕಿಯ ಸಂತತಿಯನ್ನು, ಅದರ ಮೊಟ್ಟೆಗಳನ್ನು ಮರಿ ಮಾಡಿಸಿ ಸಾಕಿ ಕಾಡಿಗೆ ಬಿಡುವ ಮೂಲಕ ಉಳಿಸಿಕೊಳ್ಳಲಾಯಿತು. ಅದನ್ನು ಪ್ರತ್ಯೇಕ ಶೀರ್ಷಿಕೆಯಡಿ ಬರೆಯಿರಿ.