ಫ್ಲಶ್ ಟ್ಯಾಂಕ್ ಸೋರಿದ್ರ ಮೊದಲ ಮುಚ್ಚಳ ತೆಗೆದು ನೋಡ್ರಿ

ಸಂಡಾಸದಾಗ ರಾತ್ರಿಯೆಲ್ಲ ಸುಂಯ್ ಅಂತ ನೀರು ಹರಿಯೋ ಸಪ್ಪಳ ಕೇಳಿದ್ರೂ ಈಗಿನ ಹುಡುಗರು ಮಗ್ಗಲು ಬದಲಿಸಿ ಮಲಗ್ತಾರ. ಇಲ್ಲಂದ್ರ ಮುಂಜಾನೆದ್ದು ಪ್ಲಂಬರ್‌ಗ ಫೋನ್ ಹಚ್ತಾರ, ಒಳಗಿನ ಸೆಟ್ಟೇ ಪೂರಾ ಬದಲಿ ಮಾಡಿಸಿ ರೊಕ್ಕ ಕೊಟ್ಟು ಕೂಡ್ತಾರ. ಮುಚ್ಚಳ ತೆಗೆದು ಒಮ್ಮೆ ಒಳಗ ಇಣುಕಿ ನೋಡೋದಿಲ್ಲ. ನಿಮಿಷಕ್ಕ ಅರ್ಧ ಲೋಟ, ಅಂದ್ರ 100 ಮಿಲಿ ಸೋರಿದ್ರ ದಿನಕ್ಕ 144 ಲೀಟರ್ ಆಗ್ತದ. ಒಂಬತ್ತು-ಹತ್ತು ಕೊಡ ನೀರು! ನಳಾ ಯಾವಾಗ ಬರ್ತದೋ ಅಂತ ದಾರಿ ಕಾಯೋ ಊರಾಗ ಅಷ್ಟು ನೀರು ಗಟಾರಕ್ಕ ಹೋಗೋದು ನೋಡಿದ್ರ ಹೊಟ್ಟಿ ಉರೀತದ.

ಚೀನಿ ಮಣ್ಣಿನ ಮುಚ್ಚಳ ಇದ್ರ ಕೆಳಗ ಹಳೇ ಟಾವೆಲ್ ಹಾಸಿ ಇಡ್ರಿ, ಬರೇ ಫರಸಿ ಮ್ಯಾಲ ಇಟ್ರ ಮೂಲಿ ಸಿಡೀತದ. ಒಂದು ಬದಿಗೆ ನೀರು ತುಂಬೋ ವಾಲ್ವ್, ಅದಕ್ಕ ತೇಲೋ ಚೆಂಡು ಇಲ್ಲಾ ಡಬ್ಬಿ. ನಡುವ ನೀರು ಬಿಡೋ ಫ್ಲಶ್ ವಾಲ್ವ್, ಅದರಾಗ ಹೆಚ್ಚಾದ ನೀರು ಕಮೋಡಿಗೆ ಇಳಿಸೋ ಓವರ್‌ಫ್ಲೋ ಕೊಳವಿ. ಯಾವುದು ಕೆಟ್ಟದ ಅಂತ ತಿಳೀಲಾರದೆ ಪಾನಾ ಕೈಯಾಗ ಹಿಡೀಬ್ಯಾಡ್ರಿ. ನೀರು ಕೊಳವಿ ಬಾಯೊಳಗ ಬೀಳ್ತಿದ್ರ ತಪ್ಪು ತುಂಬೋ ವಾಲ್ವಿಂದು. ನೀರು ಆ ಬಾಯಿಗಿಂತ ಒಂದು ಇಂಚು ಕೆಳಗ ನಿಲ್ಲಬೇಕು, ಫ್ಲೋಟಿನ ಸ್ಕ್ರೂ ತಿರುವಿ ಇಳಸ್ರಿ. ಬಾಯಿ ಮುಟ್ಟಲಾರದೆಯೂ ಸೋರ್ತಿದ್ರ ಟ್ಯಾಂಕಿಗೆ ನೀರು ಬಿಡೋ ಗೋಡಿ ನಳಾ, ಅಂದ್ರ ಆಂಗಲ್ ಕಾಕ್ ಬಂದ್ ಮಾಡಿ, ನೀರಿನ ಗೆರಿಗೆ ಪೆನ್ಸಿಲ್ ಗುರುತು ಹಾಕಿ, ಬಟ್ಟಿಗೆ ಹಾಕೋ ನೀಲಿ ನಾಲ್ಕು ಹನಿ ಬಿಡ್ರಿ. ಅರ್ಧ ತಾಸು ಯಾರೂ ಗುಂಡಿ ಒತ್ತಬಾರದು. ನೀರು ಗುರುತಿಗಿಂತ ಇಳಿದು ಕಮೋಡಿನಾಗ ನೀಲಿ ಕಂಡ್ರ ಫ್ಲಶ್ ವಾಲ್ವಿನ ತಳದ ವಾಷರ್ ಹಿಡೀತಿಲ್ಲ ಅಂತ ಅರ್ಥ.

ಗುಂಡಿ ಕೆಳಗಿನ ಕಡ್ಡಿ ಉದ್ದಾಗಿ ವಾಲ್ವ್ ಒತ್ತಿ ಹಿಡಿದಿದ್ರೂ ಹಿಂಗ ಸೋರ್ತದ. ಕಡ್ಡಿ ತಿರುವಿ ಜರಾ ಗಿಡ್ಡ ಮಾಡಿದ್ರ ಮುಗೀತು.

ನಮ್ಮ ಕಲಬುರಗಿ ಕಡೆ ವಾಷರ್ ಹರಿಯೋದಕ್ಕಿಂತ ಅದರ ಮ್ಯಾಲ ಸುಣ್ಣ ಕೂಡೋದೇ ಹೆಚ್ಚು. ಶಹಾಬಾದ್, ವಾಡಿ, ಸೇಡಂ ಕಡೆ ನೆಲದಾಗೆಲ್ಲ ಸುಣ್ಣದ ಕಲ್ಲು. ಅದಕ್ಕೇ ಅಲ್ಲಿ ಸಿಮೆಂಟ್ ಕಾರ್ಖಾನಿ ಇರೋದು, ಅದಕ್ಕೇ ಬೋರಿನ ನೀರು ಗಡಸು. ಬ್ಯಾಸಿಗ್ಯಾಗ ಮಾಳಗಿ ಮ್ಯಾಲಿನ ಟ್ಯಾಂಕ್ ಕಾದು ನೀರು ಬಿಸಿ ಆದಷ್ಟು ಸುಣ್ಣ ಬೇರೆ ಆಗಿ ಹಕ್ಕಳಿ ಕಟ್ತದ. ಸಾಸಿವಿ ಕಾಳಿನಷ್ಟು ಹಕ್ಕಳಿ ವಾಷರ್ ಕೆಳಗ ಸಿಕ್ಕ್ರ ಸಾಕು.

ಇದನ್ನ ತೆಗೆಯೋ ರೀತಿ ಜರಾ ಗಮನ ಇಟ್ಟು ಓದ್ರಿ. ಆಂಗಲ್ ಕಾಕ್ ಬಂದ್ ಇರಲಿ, ಫ್ಲಶ್ ಒತ್ತಿ ಟ್ಯಾಂಕ್ ಖಾಲಿ ಮಾಡ್ರಿ. ಫ್ಲಶ್ ವಾಲ್ವಿನ ಗೋಪುರ ಎರಡೂ ಕೈಲಿ ಹಿಡಿದು ಎಡಕ್ಕ ಕಾಲು ಸುತ್ತು ತಿರುವಿದ್ರ ಬಹಳಷ್ಟು ಮಾಡೆಲ್‌ನಾಗ ಬುಡದಿಂದ ಬಿಟ್ಟು ಬರ್ತದ. ತಳದ ದುಂಡನೆ ವಾಷರ್ ಬೆರಳಿಂದ ಬಿಡಿಸ್ರಿ, ಸ್ಕ್ರೂಡ್ರೈವರ್ ಚುಚ್ಚಬ್ಯಾಡ್ರಿ. ಸಣ್ಣ ಬೋಗಾಣಿಯಾಗ ಉಗುರುಬೆಚ್ಚಗಿನ ನೀರು ಹಾಕಿ, ಎರಡು ಚಮಚ ನಿಂಬು ಫೂಲ (ಸಿಟ್ರಿಕ್ ಆಸಿಡ್ ಪುಡಿ) ಕದಡಿ ವಾಷರ್ ಮುಳುಗಸ್ರಿ. ಸುಣ್ಣ ಇದ್ರ ಸಣ್ಣ ಗುಳ್ಳಿ ಏಳ್ತಾವ. ಗುಳ್ಳಿ ನಿಂತ ಮ್ಯಾಲ ಹೊರಗ ತೆಗೆದು ಹೆಬ್ಬೆರಳಿಂದ ಎರಡೂ ಬದಿ ಸುತ್ತ ತಿಕ್ರಿ, ಉಗುರು ತಾಗಸಬಾರದು. ಇಲ್ಲಿಗೇ ಎಲ್ಲರೂ ಕೆಲಸ ಮುಗೀತಂತ ಜೋಡಸ್ತಾರ, ಅದೇ ತಪ್ಪು! ಟ್ಯಾಂಕಿನ ತಳದಾಗ ವಾಷರ್ ಕೂಡೋ ಅಂಚು ಅದರಿಗಿಂತ ಮುಖ್ಯ. ಅದೇ ಹುಳಿ ನೀರಿನಾಗ ಅದ್ದಿದ ಮೆತ್ತನೆ ಅರಿವಿ ಬೆರಳಿಗೆ ಸುತ್ತಿ ಆ ಅಂಚು ಒರಸ್ರಿ. ಅರಿವಿ ತೆಗೆದು ಬರೇ ಬೆರಳ ತುದಿ ಪೂರಾ ಒಂದು ಸುತ್ತು ಆಡಸ್ರಿ. ಎಲ್ಲಿ ಖರಖರ ಅಂತದ ಅಲ್ಲಿ ಮತ್ತ ಒರಸ್ರಿ, ನುಣ್ಣಗ ಆಗೋತನ ಬಿಡಬ್ಯಾಡ್ರಿ. ಚಾಕು, ತಂತಿ ಜಾಳಗಿ, ಉಸುಕಿನ ಕಾಗದ ಮುಟ್ಟಿಸಬ್ಯಾಡ್ರಿ, ಗೀರು ಬಿದ್ರ ಅದು ಮುಂದ ಯಾವ ವಾಷರಿಗೂ ಹಿಡಿಯೋದಿಲ್ಲ. ಚಪ್ಪಟಿ ವಾಷರ್ ಒಂದು ಬದಿಗೆ ಗೆರಿ ಬಿದ್ದು ತಗ್ಗಾಗಿದ್ರ ತಿರುವಿ ಹಾಕ್ರಿ. ತೋಯಿಸಿಯೇ ಜೋಡಿಸಿ, ಗೋಪುರ ಬಲಕ್ಕ ತಿರುವಿ ಗಟ್ಟಿ ಕೂಡಸ್ರಿ.

ಸಂಡಾಸ ತೊಳಿಯೋ ಆಸಿಡ್, ಬ್ಲೀಚಿಂಗ್ ಟ್ಯಾಂಕಿನಾಗ ಸುರಿಯೋರಿಗೆ ಏನು ಹೇಳೋದು! ರಬ್ಬರ್ ಗಡಸಾಗಿ ಬಿರಿತದ, ಮತ್ತ ಎರಡೂ ಕೂಡಿದ್ರ ಉಸಿರು ಕಟ್ಟೋ ವಿಷದ ಗಾಳಿ ಬರ್ತದ. ಮೊದಲಿನ ಬೀಡಿನ (ಎರಕದ ಕಬ್ಬಿಣದ) ಟ್ಯಾಂಕು ಗೋಡಿ ಮ್ಯಾಲ ಎತ್ತರದಾಗ ಇರ್ತಿದ್ದು, ಸರಪಳಿ ಜಗ್ಗಿದ್ರ 10 ಲೀಟರ್, 12.5 ಲೀಟರ್ ಧಡಲ್ ಅಂತ ಬೀಳ್ತಿತ್ತು. ಅವುಕ ನೀರು ಮ್ಯಾಲೆಳೆದು ಕೆಳಗ ಬಿಡೋ ಸೈಫನ್ ಕೊಳವಿ, ತಳಕ್ಕ ವಾಷರ್ ಸೋರೋ ಮಾತೇ ಇಲ್ಲ. ಈಗಿನ 6 ಲೀಟರ್-3 ಲೀಟರ್ ಎರಡು ಗುಂಡಿಯವು ನೀರು ಉಳಸ್ತಾವ ಖರೇ, ಆದ್ರ ವಾಷರ್ ಸಾಫ್ ಇಟ್ಟ್ರ ಮಾತ್ರ.

ಟ್ಯಾಂಕ್ ತುಂಬಲಿಕ್ಕೆ ತಡ ಆದ್ರ ತುಂಬೋ ವಾಲ್ವಿನ ಬಾಯಿಗೆ ಇರೋ ಸಣ್ಣ ಜಾಳಗಿ ತೊಳೀರಿ, ನಳಾ ಬಿಟ್ಟಾಗ ಬರೋ ಉಸುಕು ಅಲ್ಲೇ ಕೂಡ್ತದ. ವಾಲ್ವಿನ ಮುಚ್ಚಳಕಿ ಬಿಚ್ಚಿ, ಮ್ಯಾಲ ಲೋಟ ಬೋರಲು ಹಿಡಿದು, ಕಾಕ್ ಐದು ಎಣಿಸೋತನ ಬಿಟ್ರ ಒಳಗಿನ ಕಸಾ ಹೊರಗ ಹಾರ್ತದ. ಒಂದಂತಸ್ತಿನ ಮನಿಗೆ ಹೊಸ ವಾಲ್ವ್ ತರೋದಾದ್ರ ಕಮ್ಮಿ ಪ್ರೆಶರಿಂದು ಕೇಳ್ರಿ. ಮಾಳಗಿ ಮ್ಯಾಲಿನ ಟ್ಯಾಂಕಿಂದ ಹತ್ತಡಿ ಕೆಳಗ ಬರೋ ನೀರಿಗೆ ಜೋರು ಇರೋದಿಲ್ಲ. ಪ್ಲಾಸ್ಟಿಕ್ ನಟ್ ಕೈಲಿ ಬಿಗಿ ಮಾಡಿ, ಪಾನಾದಿಂದ ಕಾಲು ಸುತ್ತಷ್ಟೇ ತಿರುವ್ರಿ. ವಾಷರ್ ತರಲಿಕ್ಕೆ ಹೋಗೋವಾಗ ಹಳೇದು ಚೀಲದಾಗ ಹಾಕ್ಕೊಂಡು ಹೋಗ್ರಿ, ಅಂಗಡ್ಯಾಗ ಎರಡೂ ಒಂದರ ಮ್ಯಾಲೊಂದು ಇಟ್ಟು ನೋಡಿಯೇ ರೊಕ್ಕ ಕೊಡ್ರಿ.