ಗಿರಾಕಿಗಳ ಪಟ್ಟಿ ನಿಮ್ಮ ಕೈಯಲ್ಲೇ ಇರಲಿ: ಫೋನ್‌ನಲ್ಲಿ ಸೀರೆ ಮಾರುವ ಅಕ್ಕ-ತಂಗಿಯರಿಗೆ

ನಾನು ಇಳಕಲ್‌ನವಳು. ನಮ್ಮ ಮನೆಯಲ್ಲಿ ಮಗ್ಗ ಇದೆ. ಮನೆಯವರು ನೇಯುತ್ತಾರೆ, ನಾನು ವಾಟ್ಸ್‌ಆಪ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಮಾರುತ್ತೇನೆ. ಗುಳೇದಗುಡ್ಡದ ಖಣವೂ ಹೋಗುತ್ತದೆ, ನಮ್ಮ ಸಂಘದ ಅಕ್ಕಂದಿರು ಕಸೂತಿ ಹಾಕಿದ ಸೀರೆಗಳೂ ಹೋಗುತ್ತವೆ. ಸಂಘದಲ್ಲಿ ಎಲ್ಲರೂ ನನ್ನನ್ನು ಕೇಳುವುದು ಒಂದೇ: ಫಾಲೋವರ್ಸ್ ಜಾಸ್ತಿ ಮಾಡುವುದು ಹೇಗೆ? ನಾನು ಮೊದಲು ಹೇಳಿಕೊಡುವುದು ಬೇರೆ. ಇರುವ ಗಿರಾಕಿಗಳ ಹೆಸರು, ನಂಬರ್ ಕೈತಪ್ಪದ ಹಾಗೆ ಇಟ್ಟುಕೊಳ್ಳುವುದು ಹೇಗೆ, ಅದು ಬೇರೆಯವರ ಪಾಲಾಗದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ.

ಆರ್ಕುಟ್ ಎಂಬ ಜಾಲತಾಣ ನೆನಪಿದೆಯಾ? 2014ರ ಸೆಪ್ಟೆಂಬರ್ 30ಕ್ಕೆ ಅದರ ಮಾಲೀಕರೇ ಅದನ್ನು ಮುಚ್ಚಿದರು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಸೇರಿ 59 ಆಪ್‌ಗಳನ್ನು ನಿಷೇಧಿಸಿತು. ನಿಷೇಧ ಸರಿಯೋ ತಪ್ಪೋ, ಆ ಮಾತು ಬೇರೆ. ಆದರೆ ಅಲ್ಲಿ ಬೆಳೆಸಿಕೊಂಡಿದ್ದ ಜನರ ಜೊತೆಗಿನ ಸಂಪರ್ಕ ಒಮ್ಮೆಗೇ ಕಡಿದು ಹೋಯಿತು. ಅಷ್ಟು ದೂರ ಯಾಕೆ, ನಮ್ಮ ಓಣಿಯ ಒಬ್ಬ ತಂಗಿಯ ವ್ಯಾಪಾರದ ಖಾತೆ ದಸರೆಯ ಮುಂಚೆ ಒಂದು ದಿನ ತೆರೆಯಲೇ ಇಲ್ಲ. ಯಾವ ಕಾರಣಕ್ಕೆ ಅಂತ ಅವಳಿಗೆ ಸರಿಯಾದ ಉತ್ತರ ಸಿಗಲಿಲ್ಲ. ಅಷ್ಟೂ ಗಿರಾಕಿಗಳು ಆ ಖಾತೆಯ ಒಳಗೇ ಉಳಿದರು. ಹಬ್ಬದ ವ್ಯಾಪಾರ ಹೋಯಿತು.

ಇನ್ನೊಂದು ವಿಷಯ ತಿಳಿದಿರಲಿ. ಫೇಸ್‌ಬುಕ್ 2012ರಲ್ಲಿ ಇನ್‌ಸ್ಟಾಗ್ರಾಂ ಕೊಂಡಿತು, 2014ರಲ್ಲಿ ವಾಟ್ಸ್‌ಆಪ್ ಕೊಂಡಿತು. ಮೂರೂ ಈಗ ಮೆಟಾ ಎಂಬ ಒಂದೇ ಕಂಪನಿಯ ಕೈಯಲ್ಲಿವೆ. ಹಾಗಾಗಿ ಮೂರರಲ್ಲೂ ಅಂಗಡಿ ಇಟ್ಟಿದ್ದೇನೆ, ಒಂದು ಹೋದರೆ ಇನ್ನೊಂದಿದೆ ಅಂತ ಧೈರ್ಯವಾಗಿ ಇರಬೇಡಿ.

ಮೊದಲು ನಂಬರ್‌ಗಳ ಪ್ರತಿ ತೆಗೆಯಿರಿ

ಇವತ್ತು ಒಂದೇ ಕೆಲಸ ಮಾಡಲು ಪುರುಸೊತ್ತು ಇದ್ದರೆ ಇದನ್ನೇ ಮಾಡಿ. ಫೋನ್‌ನಲ್ಲಿ ಗೂಗಲ್‌ನ 'ಕಾಂಟ್ಯಾಕ್ಟ್ಸ್' ಆಪ್ ತೆರೆಯಿರಿ. ಅದರಲ್ಲಿ 'ಆರ್ಗನೈಜ್' ಎಂಬ ಜಾಗದಲ್ಲಿ 'ಎಕ್ಸ್‌ಪೋರ್ಟ್ ಟು ಫೈಲ್' ಇರುತ್ತದೆ. ಕೆಲವು ಫೋನ್‌ಗಳಲ್ಲಿ ಇದು ಸೆಟ್ಟಿಂಗ್ಸ್ ಒಳಗೆ ಇರಬಹುದು. ಒತ್ತಿದರೆ ನಿಮ್ಮ ಎಲ್ಲ ನಂಬರ್‌ಗಳು ಒಂದೇ ಫೈಲ್ ಆಗಿ ಇಳಿಯುತ್ತವೆ. ಕಂಪ್ಯೂಟರ್ ಇದ್ದರೆ ಇನ್ನೂ ಚಲೋ. ಅಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು ಸಿಎಸ್‌ವಿ ಅಂತ ಆರಿಸಿಕೊಂಡರೆ ಎಕ್ಸೆಲ್‌ನಲ್ಲಿ ಓದಬಹುದು. ಆ ಫೈಲನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿ ತಿಜೋರಿಯಲ್ಲಿಡಿ. ಒಂದು ಎಚ್ಚರಿಕೆ: ಈಗ ವಾಟ್ಸ್‌ಆಪ್ ಒಳಗೆ ಮಾತ್ರ ನಂಬರ್ ಸೇವ್ ಮಾಡುವ ಸೌಲಭ್ಯವೂ ಇದೆ. ಹಾಗೆ ಸೇವ್ ಮಾಡಿದ್ದು ಈ ಫೈಲ್‌ನಲ್ಲಿ ಬರುವುದಿಲ್ಲ. ಗಿರಾಕಿಯ ನಂಬರ್ ಸೇವ್ ಮಾಡುವಾಗ ಅದು ಫೋನ್‌ಗೂ ಸೇರುವ ಹಾಗೆ ನೋಡಿಕೊಳ್ಳಿ.

ನಾನು ಹೆಸರಿನ ಜೊತೆಗೇ ಊರು, ಇಷ್ಟದ ದಡಿ ಬರೆಯುತ್ತೇನೆ. 'ಜಮಖಂಡಿ, ಗೋಮಿ ದಡಿ', 'ಸಿಂದಗಿ, ಚಿಕ್ಕಿ ಪರಾಸ' ಅಂತ. ಹೊಸ ಮಾಲು ಬಂದಾಗ ಯಾರಿಗೆ ಹೇಳಬೇಕು ಅನ್ನುವುದು ಯಾವ ಕಂಪನಿಯ ಲೆಕ್ಕಾಚಾರದ ಮೇಲೂ ನಿಲ್ಲುವುದಿಲ್ಲ.

ಆರ್ಡರ್ ವಿವರ ಚಾಟ್‌ನಲ್ಲೇ ಇದ್ದರೆ, ಆ ಚಾಟ್ ತೆರೆದು ಮೂರು ಚುಕ್ಕಿ ಒತ್ತಿ, 'ಮೋರ್', ಆಮೇಲೆ 'ಎಕ್ಸ್‌ಪೋರ್ಟ್ ಚಾಟ್' ಆರಿಸಿ. ಫೋಟೋ ಬೇಡ ಅಂದರೆ ಬರೀ ಬರಹ ಇಳಿಯುತ್ತದೆ. ಇನ್ನು ಬ್ಯಾಕಪ್ ವಿಷಯ. 'ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್'ಗೆ ಹೋಗಿ 'ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್' ಆನ್ ಮಾಡಿ. 2021ರಿಂದ ಈ ಸೌಲಭ್ಯ ಇದೆ. ಇದಿಲ್ಲದಿದ್ದರೆ ಬೇರೆ ಯಾರೂ ಓದಲಾಗದ ಹಾಗೆ ಚಾಟ್‌ಗೆ ಇರುವ ರಕ್ಷಣೆ ಬ್ಯಾಕಪ್‌ಗೆ ಇರುವುದಿಲ್ಲ. ಅಲ್ಲಿ ಕೊಟ್ಟ ಪಾಸ್‌ವರ್ಡ್ ಮರೆತರೆ ವಾಟ್ಸ್‌ಆಪ್‌ನವರೂ ತೆರೆದುಕೊಡಲು ಆಗದು. ಕಾಗದದ ಮೇಲೆ ಬರೆದಿಡಿ.

ಗ್ರೂಪ್ ಬೇಡ, ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ

ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಎಲ್ಲ ಗಿರಾಕಿಗಳನ್ನೂ ಒಂದು ಗ್ರೂಪ್‌ಗೆ ಸೇರಿಸಿದರೆ ಪ್ರತಿಯೊಬ್ಬರ ನಂಬರೂ ಉಳಿದವರಿಗೆಲ್ಲ ಕಾಣುತ್ತದೆ. ಬಾದಾಮಿಯ ಒಬ್ಬ ಹೆಣ್ಣುಮಗಳು ನಿಮ್ಮನ್ನು ನಂಬಿ ನಂಬರ್ ಕೊಟ್ಟಿರುತ್ತಾಳೆ. ಅದು ಗುರುತಿಲ್ಲದ ನೂರು ಜನರ ಫೋನ್‌ಗೆ ಹೋಗುವುದು ಸರಿಯಾ? ರಾತ್ರಿ ಹೊತ್ತು ಯಾರೋ ಫೋನ್ ಮಾಡಿ ಕಾಡಿದರೆ ಅದಕ್ಕೆ ದಾರಿ ಮಾಡಿಕೊಟ್ಟವರು ನಾವೇ ಆಗುತ್ತೇವೆ.

ಬ್ರಾಡ್‌ಕಾಸ್ಟ್ ಲಿಸ್ಟ್ ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಬೇರೆ ಬೇರೆಯಾಗಿ ಕಳಿಸುವ ವಾಟ್ಸ್‌ಆಪ್ ಪಟ್ಟಿ. ಅದರಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಒಂದು ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಅದಕ್ಕೇ ನಾನು ಪ್ರತಿ ಪಾರ್ಸೆಲ್‌ನಲ್ಲಿ ಒಂದು ಚೀಟಿ ಇಡುತ್ತೇನೆ: 'ಹೊಸ ಸೀರೆಗಳ ಫೋಟೋ ಬೇಕಿದ್ದರೆ ಈ ನಂಬರ್ ಸೇವ್ ಮಾಡಿಕೊಂಡು, ಹೂಂ ಅಂತ ಕಳಿಸಿ.' ಬೇಕು ಅಂದವರನ್ನಷ್ಟೇ ಸೇರಿಸುತ್ತೇನೆ. ಸುಮ್ನೆ ಸಿಕ್ಕವರನ್ನೆಲ್ಲ ತುಂಬಿದರೆ ಬ್ಲಾಕ್ ಮಾಡುತ್ತಾರೆ, ಅಲ್ವಾ?

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಲ್ಲಿರುವುದನ್ನು ಇಳಿಸಿಕೊಳ್ಳಿ

'ಸೆಟ್ಟಿಂಗ್ಸ್'ನಲ್ಲಿ 'ಅಕೌಂಟ್ಸ್ ಸೆಂಟರ್' ಇದೆ. ಅದರೊಳಗೆ 'ಯುವರ್ ಇನ್ಫರ್ಮೇಶನ್ ಆ್ಯಂಡ್ ಪರ್ಮಿಶನ್ಸ್'. ಅಲ್ಲಿ ನಿಮ್ಮ ಮಾಹಿತಿಯನ್ನು 'ಡೌನ್‌ಲೋಡ್' ಅಥವಾ 'ಎಕ್ಸ್‌ಪೋರ್ಟ್' ಮಾಡುವ ಸಾಲು ಸಿಗುತ್ತದೆ. ದಿನಾಂಕ 'ಆಲ್ ಟೈಮ್' ಇರಲಿ, ನಮೂನೆ 'ಎಚ್‌ಟಿಎಂಎಲ್' ಇರಲಿ, ಫೋಟೋ ಗುಣಮಟ್ಟ 'ಹೈ' ಇರಲಿ. ಫೈಲ್ ತಯಾರಾಗಲು ಸಮಯ ಹಿಡಿಯುತ್ತದೆ. ತಯಾರಾದ ಮೇಲೆ ಕೆಲವೇ ದಿನ ಅಲ್ಲಿರುತ್ತದೆ, ತಡ ಮಾಡಬೇಡಿ. ವೈಫೈ ಇರುವ ಕಡೆ ಇಳಿಸಿಕೊಳ್ಳಿ.

ಇಳಿಸಿಕೊಂಡ ಫೈಲನ್ನು ಸುಮ್ಮನೆ ಇಟ್ಟುಬಿಡಬೇಡಿ, ತೆರೆದು ನೋಡಿ. ತೋಪ ತೆನಿ ಸೆರಗಿನ ಫೋಟೋಗಳು, ಬರೆದ ಸಾಲುಗಳು, ಸಂದೇಶಗಳು, ಫಾಲೋವರ್ಸ್ ಹೆಸರು ಎಲ್ಲ ಇರುತ್ತವೆ. ನಿಮ್ಮ ಬಗ್ಗೆ ಅವರು ಜಾಹೀರಾತಿಗಾಗಿ ಇಟ್ಟುಕೊಂಡ ಮಾಹಿತಿಯೂ ಇರುತ್ತದೆ. ಇಲ್ಲದೇ ಇರುವುದು ಒಂದೇ: ಫಾಲೋವರ್ಸ್‌ನ ಫೋನ್ ನಂಬರ್. ಖಾತೆ ಹೋದರೆ ಆ ಹೆಸರುಗಳಿಂದ ಯಾರನ್ನೂ ಕರೆಯಲು ಆಗದು. ಪಾರ್ಸೆಲ್‌ನ ಚೀಟಿಗೆ ನಾನು ಅಷ್ಟು ಬೆಲೆ ಕೊಡುವುದು ಇದಕ್ಕೇ.

ಒಂದು ತಾಣದಿಂದ ಇನ್ನೊಂದಕ್ಕೆ ಫಾಲೋವರ್ಸ್‌ನ ಕರೆದುಕೊಂಡು ಹೋಗಲು ಬಿಡುವ ಜಾಲಗಳೂ ಇವೆ. 2016ರಲ್ಲಿ ಶುರುವಾದ ಮಾಸ್ಟಡಾನ್ ಅಂಥದ್ದು. ಯಾವ ಒಂದು ಕಂಪನಿಯೂ ಅದರ ಮಾಲೀಕ ಅಲ್ಲ. ನನಗೆ ಆ ವಿಚಾರ ತುಂಬಾ ಹಿಡಿಸಿದೆ. ಆದರೆ ನಮ್ಮ ಗಿರಾಕಿಗಳು ಅಲ್ಲಿಗೆ ಇನ್ನೂ ಬಂದಿಲ್ಲ.

ಆಪ್‌ಗಳ ಕೈ ಬಿಡಿಸಿ

ಈಗ ಮುಖ್ಯ ಮಾತು. ನಮ್ಮ ಫೋನ್‌ನಲ್ಲಿರುವ ನಂಬರ್‌ಗಳು ಬೇರೆ ಜನರವು. ಆ ಪಟ್ಟಿ ನೋಡಲು ಆಪ್ ಅನುಮತಿ ಕೇಳಿದಾಗ 'ಅಲೋ' ಒತ್ತುವ ನಾವು ಆ ಜನರನ್ನು ಕೇಳಿರುವುದಿಲ್ಲ. ಕೇಂಬ್ರಿಜ್ ಅನಲಿಟಿಕಾ ಎಂಬ ಕಂಪನಿಗೆ ಒಂದು ಆಪ್ ಮೂಲಕ ಫೇಸ್‌ಬುಕ್ ಬಳಸುವವರ ಮಾಹಿತಿ ಹೋದ ಪ್ರಕರಣದಲ್ಲಿ ಆಗಿದ್ದೂ ಇದೇ. ಫೇಸ್‌ಬುಕ್ 2018ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ ಆ ಆಪ್ ಹಾಕಿಕೊಂಡವರು ಬರೀ 335 ಜನ. ಆದರೆ ಅವರ ಸ್ನೇಹಿತರ ಪಟ್ಟಿಯ ಮೂಲಕ ಮಾಹಿತಿ ಹೋಗಿರಬಹುದಾದವರು ಐದೂವರೆ ಲಕ್ಷಕ್ಕೂ ಜಾಸ್ತಿ.

ಆಂಡ್ರಾಯ್ಡ್ ಫೋನ್‌ನಲ್ಲಿ 'ಸೆಟ್ಟಿಂಗ್ಸ್, ಪ್ರೈವೆಸಿ, ಪರ್ಮಿಶನ್ ಮ್ಯಾನೇಜರ್, ಕಾಂಟ್ಯಾಕ್ಟ್ಸ್'ಗೆ ಹೋಗಿ. ಯಾವ್ಯಾವ ಆಪ್ ನಿಮ್ಮ ನಂಬರ್ ಪಟ್ಟಿ ನೋಡುತ್ತಿದೆ ಅಂತ ಸಾಲಾಗಿ ಕಾಣುತ್ತದೆ. ಆಟದ ಆಪ್, ಫೋಟೋ ಚಂದ ಮಾಡುವ ಆಪ್, ಟಾರ್ಚ್ ಆಪ್ ಇವಕ್ಕೆಲ್ಲ ನಂಬರ್ ಯಾಕೆ ಬೇಕು? 'ಡೋಂಟ್ ಅಲೋ' ಮಾಡಿ.

ಸಾಲದ ಆಪ್ ಇದ್ದರೆ ಮೊದಲು ಅದನ್ನೇ ನೋಡಿ. ಸಾಲದ ಆಪ್‌ಗಳು ನಂಬರ್ ಪಟ್ಟಿ, ಕಾಲ್ ಲಾಗ್, ಫೋಟೋ ಫೈಲ್‌ಗಳನ್ನು ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಆದರೂ ಕೇಳುತ್ತಿದೆ ಅಂದರೆ ಆ ಆಪ್ ಬೇಡ. ಕಂತು ತಪ್ಪಿದಾಗ ಬಂಧು-ಬಳಗಕ್ಕೆ ಫೋನ್ ಮಾಡಿ ಮಾನ ಕಳೆಯುವುದು ಇದೇ ಪಟ್ಟಿ ಹಿಡಿದು. ಅಂಥ ಕಾಟ ಬಂದರೆ ನಾಚಿಕೊಂಡು ಒಳಗೇ ನುಂಗಬೇಡಿ, ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಆಮೇಲೆ ಅದೇ 'ಅಕೌಂಟ್ಸ್ ಸೆಂಟರ್'ನಲ್ಲಿ ಮತ್ತೆರಡು ಕೆಲಸ. ಕಾಂಟ್ಯಾಕ್ಟ್ಸ್ ಅಪ್‌ಲೋಡ್ ಆನ್ ಇದ್ದರೆ ಆಫ್ ಮಾಡಿ, ಈಗಾಗಲೇ ಹೋದದ್ದನ್ನು ಅಳಿಸಿ. 'ಯುವರ್ ಆ್ಯಕ್ಟಿವಿಟಿ ಆಫ್ ಮೆಟಾ ಟೆಕ್ನಾಲಜೀಸ್' ತೆರೆಯಿರಿ. ನೀವು ಬೇರೆ ತಾಣಗಳಲ್ಲಿ ಏನು ಮಾಡಿದಿರಿ ಅಂತ ಆ ತಾಣಗಳು ಮೆಟಾಗೆ ಕೊಟ್ಟ ಮಾಹಿತಿ ಅಲ್ಲಿರುತ್ತದೆ. ಹಳೆಯದನ್ನು ತೆಗೆದುಹಾಕಿ, ಮುಂದಿನದನ್ನೂ ನಿಲ್ಲಿಸಿ. ಜಾಹೀರಾತು ಬರುವುದು ನಿಲ್ಲುವುದಿಲ್ಲ, ಆದರೆ ನಿಮ್ಮ ಬೆನ್ನು ಹತ್ತುವುದು ಕಡಿಮೆಯಾಗುತ್ತದೆ.

ಕಾನೂನು ಎಷ್ಟು ಕೊಡುತ್ತದೆ?

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸ್ ಹಾಕಿದವರಲ್ಲಿ ಮೊದಲಿಗರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು. ಆಮೇಲೆ ನಿಮ್ಮ ಮಾಹಿತಿ ಏನಿದೆ ಅಂತ ಕೇಳಬಹುದು, ತಿದ್ದಿಸಬಹುದು, ಅಳಿಸಿ ಅನ್ನಬಹುದು. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲಿ ಓದುವ ಅವಕಾಶವನ್ನೂ ಕೊಡಬೇಕು. ಆದರೆ ಒಂದು ಕಡೆಯ ಮಾಹಿತಿಯನ್ನು ಇನ್ನೊಂದು ಕಡೆಗೆ ಒಯ್ಯುವ ಹಕ್ಕು ಯುರೋಪಿನ ಕಾನೂನಿನಲ್ಲಿದೆ, ನಮ್ಮದರಲ್ಲಿ ಇಲ್ಲ. ಇದು ನನಗೆ ಬೇಸರದ ವಿಷಯ. ಚಿಕ್ಕ ವ್ಯಾಪಾರದವರಿಗೆ ಬೇಕಾಗಿದ್ದದ್ದು ಅದೇ.

ಖಾತೆ ಬಂದ್ ಆದರೆ ಸುಮ್ಮನೆ ಕೂರಬೇಡಿ. ಪ್ರತಿ ದೊಡ್ಡ ಜಾಲತಾಣಕ್ಕೂ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು. ದೂರು ಬಂದಿದೆ ಅಂತ ಅವರು 24 ಗಂಟೆಯಲ್ಲಿ ತಿಳಿಸಬೇಕು, 7 ದಿನದಲ್ಲಿ ಬಗೆಹರಿಸಬೇಕು (2026ರ ಫೆಬ್ರುವರಿವರೆಗೆ ಇದು 15 ದಿನ ಇತ್ತು). ಉತ್ತರ ಸರಿ ಅನಿಸದಿದ್ದರೆ 30 ದಿನದ ಒಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ದೂರಿನ ನಂಬರ್, ದಿನಾಂಕ, ಸ್ಕ್ರೀನ್‌ಶಾಟ್ ಮೂರನ್ನೂ ಇಟ್ಟುಕೊಳ್ಳಿ.

ಇನ್ನು ನಮ್ಮ ಕಡೆಯ ಕೆಲಸ. ಯಾವ ಗಿರಾಕಿಯಾದರೂ 'ಅಕ್ಕಾ, ನನ್ನ ನಂಬರ್ ತೆಗೆದುಬಿಡಿ' ಅಂದರೆ ಲಿಸ್ಟ್‌ನಿಂದ ಅಷ್ಟೇ ಅಲ್ಲ, ಫೋನ್‌ನಿಂದ, ಎಕ್ಸೆಲ್‌ನಿಂದ, ಪೆನ್‌ಡ್ರೈವ್‌ನಿಂದಲೂ ಅವತ್ತೇ ತೆಗೆಯಿರಿ. ತೆಗೆದಿದ್ದೇನೆ ಅಂತ ಅವರಿಗೆ ಒಂದು ಸಾಲು ಕಳಿಸಿ. ಸೀರೆ ಉಟ್ಟ ಫೋಟೋ ಅವರು ಕಳಿಸಿದ್ದರೆ, ಕೇಳದೆ ಸ್ಟೇಟಸ್‌ಗೆ ಹಾಕಬೇಡಿ.