ಲ್ಯಾಪ್‌ಟಾಪ್ ಬೀರುವಿನಲ್ಲಿ ಇಡಬೇಡಿ: ವಾಸ್ಕೋದಲ್ಲಿ ನನ್ನ ಅನುಭವ

ಗೋವಾದಲ್ಲಿ ಇದ್ದುಕೊಂಡು ಲ್ಯಾಪ್‌ಟಾಪ್ ಹಾಳು ಮಾಡಬೇಕು ಅಂದ್ರೆ ಜಾಸ್ತಿ ಕಷ್ಟಪಡಬೇಕಿಲ್ಲ. ಚೆನ್ನಾಗಿ ಒರೆಸಿ, ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರೆತುಬಿಡಿ. ಕೆಲಸ ಆಯಿತು.

ಊರಿಂದ ಹೊಸದಾಗಿ ಬಂದವರಿಗೆ ಇದು ಬೇಗ ತಲೆಗೆ ಹೋಗುವುದಿಲ್ಲ. ಹಾವೇರಿ ಕಡೆ ನಾವು ಬೆಲೆಬಾಳುವ ಸಾಮಾನನ್ನು ಎತ್ತಿಟ್ಟೇ ಕಾಪಾಡುವವರು. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ, ಅದರಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ಆ ನಾಲ್ಕು ತಿಂಗಳಲ್ಲೇ. ಎತ್ತಿಟ್ಟ ಚರ್ಮದ ಬೆಲ್ಟಿಗೆ ವಾರದಲ್ಲೇ ಬಿಳಿ ಬೂಷ್ಟು. ನಮ್ಮ ಮನೆ ಇರುವುದು ವಾಸ್ಕೋದ ಬೈನಾದಲ್ಲಿ, ಸಮುದ್ರ ಕೂಗಳತೆ ದೂರ, ಹಾಗಾಗಿ ತೇವದ ಜೊತೆ ಉಪ್ಪೂ ಬರುತ್ತದೆ. ಕಿಟಕಿಯ ಕಬ್ಬಿಣದ ಸರಳಿಗೆ ಬಣ್ಣ ಹೊಡೆಸಿ ವರ್ಷ ಆಗುವಷ್ಟರಲ್ಲಿ ತುಕ್ಕು ಹಣಿಕಿ ಹಾಕುತ್ತದೆ. ಲ್ಯಾಪ್‌ಟಾಪಿನ ಒಳಗಿರುವುದೂ ತಾಮ್ರ, ತವರ, ಸಣ್ಣ ಸಣ್ಣ ಲೋಹದ ಕಾಲುಗಳೇ ಅಲ್ವಾ?

ಅದಕ್ಕೆ ನನ್ನ ಮೊದಲ ಕಟ್ಟುನಿಟ್ಟು: ಕೆಲಸ ಇರಲಿ ಬಿಡಲಿ, ಮಳೆಗಾಲದಲ್ಲಿ ದಿನಾ ಒಂದಿಷ್ಟು ಹೊತ್ತು ಆನ್ ಮಾಡುವುದು. ಓಡುವಾಗ ಒಳಗೆ ಬಿಸಿಯಾಗುತ್ತದೆ, ಫ್ಯಾನು ಗಾಳಿ ಆಡಿಸುತ್ತದೆ, ಒಳಗಿನ ತೇವ ಕಡಿಮೆಯಾಗುತ್ತದೆ. ನನ್ನದು ಸಣ್ಣ ಅಂಗಡಿಗಳ ಲೆಕ್ಕ ಬರೆಯುವ ಕೆಲಸ. ಎರಡು ಹಾರ್ಡ್‌ವೇರ್ ಅಂಗಡಿ, ಒಂದು ಕಿರಾಣಿ, ಒಂದು ಬಳೆ ಅಂಗಡಿ, ಹೀಗೆ. ಜಿಎಸ್‌ಟಿ ತುಂಬುವ ದಿನಗಳಲ್ಲಿ ಅದು ಹೇಗೂ ರಾತ್ರಿ ತನಕ ಓಡುತ್ತದೆ. ಉಳಿದ ದಿನ ಸುಮ್ನೆ ಆನ್ ಮಾಡಿ ಹಾಡು ಹಚ್ಚಿ ಅಡುಗೆ ಮಾಡುತ್ತೇನೆ. ಮನೆಯಲ್ಲಿ ಒದ್ದೆ ಬಟ್ಟೆ ಒಣಗಿಸುವ ಕೋಣೆಯಲ್ಲಿ ಮಾತ್ರ ಇಡುವುದಿಲ್ಲ. ಆ ಕೋಣೆಗೆ ಕಾಲಿಟ್ಟರೆ ಸಾಕು, ಮೈಯೆಲ್ಲ ಜಿಗಿಜಿಗಿ.

ಬ್ಯಾಗಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಹಾಕಿ, ತಪ್ಪೇನಿಲ್ಲ. ಆದರೆ ಚಪ್ಪಲಿ ಡಬ್ಬಿಯಲ್ಲಿ ಸಿಕ್ಕ ಹಳೆಯ ಪೊಟ್ಟಣ ಆಗಲೇ ನೀರು ಕುಡಿದು ಕೂತಿರುತ್ತದೆ, ಅದರಿಂದ ಏನೂ ಆಗದು. ತೇವ ಹೀರಿದಾಗ ಬಣ್ಣ ಬದಲಾಗುವಂಥದ್ದು ಸಿಗುತ್ತದೆ, ಅದನ್ನೇ ತನ್ನಿ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು.

ಇನ್ನೊಂದು ಇದೆ, ಅದನ್ನು ಹೇಳಿದವರು ಕಡಿಮೆ. ನಮ್ಮ ಹಾರ್ಡ್‌ವೇರ್ ಅಂಗಡಿಯ ಪಾತ್ರಾಂವ್, ಅಂದರೆ ಮಾಲೀಕ, ತನ್ನ ಕ್ಯಾಬಿನ್‌ನಲ್ಲಿ ಎಸಿ ಹಾಕಿಕೊಂಡು ಕೂರುತ್ತಾನೆ, ಒಳಗೆ ಹೋದರೆ ಸ್ವೆಟರ್ ಬೇಕು. ಅಲ್ಲಿಂದ ಹೊರಗೆ ಬಂದ ಕೂಡಲೇ ಕನ್ನಡಕಕ್ಕೆ ಮಂಜು ಹಿಡಿಯುತ್ತದೆ. ಆಫ್ ಮಾಡಿ ತಣ್ಣಗಾದ ಲ್ಯಾಪ್‌ಟಾಪಿನ ಮೇಲೂ, ಒಳಗೂ ಹಾಗೇ ನೀರು ಕೂರಬಹುದು. ಹಾಗಾಗಿ ಎಸಿಯೊಳಗೆ ಇರುವಾಗಲೇ ಬ್ಯಾಗಿಗೆ ಹಾಕಿ ಜಿಪ್ ಎಳೆದುಬಿಡುತ್ತೇನೆ. ಮನೆಗೆ ಬಂದು ಅರ್ಧ ಗಂಟೆ ಬ್ಯಾಗಿನೊಳಗೇ ಇರಲಿ. ಮನೆಯ ಬಿಸಿಗೆ ಹೊಂದಿಕೊಂಡ ಮೇಲೆ ತೆಗೆದರಾಯಿತು.

ಈಗ ಕರೆಂಟಿನ ವಿಷಯ. ಲ್ಯಾಪ್‌ಟಾಪ್ ತಂದ ಹೊಸದರಲ್ಲಿ ಅಣ್ಣನ ಮಗ ಬಂದಿದ್ದ, ಐಟಿಐ ಓದುತ್ತಾನೆ. ಚಾರ್ಜಿಗೆ ಹಾಕಿದ್ದ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕೈ ಆಡಿಸಿ, "ಅತ್ತಿ, ಇದು ಜುಮ್ ಅಂತೈತಿ ನೋಡು" ಅಂದ. ನಾನೂ ಮುಟ್ಟಿದೆ. ಬೆರಳ ತುದಿಯಲ್ಲಿ ಇರುವೆ ಹರಿದಂತೆ. ಚಪ್ಪಲಿ ಹಾಕಿಕೊಂಡರೆ ಇಲ್ಲ, ಬರಿಗಾಲಲ್ಲಿ ನೆಲದ ಮೇಲೆ ನಿಂತರೆ ಇದೆ. ಅವನು ಅಡಾಪ್ಟರಿನ ವೈರ್ ಹಿಡಿದುಕೊಂಡು ಗೋಡೆಯವರೆಗೆ ಹೋದ. ಅಡಾಪ್ಟರಿಗೆ ಮೂರು ಪಿನ್ ಇದೆ, ಆದರೆ ಗೋಡೆಯ ಪಾಯಿಂಟ್ ಹಳೆಯ ಎರಡು ಪಿನ್ನಿನದು. ನಡುವೆ ಮನೆ ಮಾಲೀಕರು ಕೊಟ್ಟಿದ್ದ ಸಣ್ಣ ಬಿಳಿ ಕನ್ವರ್ಟರ್.

ವಿಷಯ ಇಷ್ಟೇ. ಅಡಾಪ್ಟರಿನ ಒಳಗೆ ಕರೆಂಟಿನ ಕಿರಿಕಿರಿ ಸೋಸಲು ಒಂದು ಕೆಪಾಸಿಟರ್ ಇರುತ್ತದೆ. ಅದರಿಂದ ಚೂರೇ ಚೂರು ಕರೆಂಟ್ ಸೋರುತ್ತದೆ, ಅದು ಮೂರನೇ ಪಿನ್ನಿನ ದಾರಿ ಹಿಡಿದು ಭೂಮಿಗೆ ಹೋಗಬೇಕು. ಎರಡು ಪಿನ್ ಕನ್ವರ್ಟರ್ ಆ ದಾರಿಯನ್ನೇ ಮುಚ್ಚುತ್ತದೆ. ಆಗ ಅದು ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ನಿಂತು, ಮುಟ್ಟಿದವರ ಮೂಲಕ ಇಳಿಯುತ್ತದೆ. ಸಾಮಾನ್ಯವಾಗಿ ಇದರಿಂದ ಜೀವಕ್ಕೆ ಅಪಾಯ ಇಲ್ಲ. ಜುಮ್ ಅನ್ನುವುದು ಬಿಟ್ಟು ನಿಜವಾಗಿ ಹೊಡೆದರೆ ಮಾತ್ರ ಆ ಅಡಾಪ್ಟರನ್ನು ಮತ್ತೆ ಹಚ್ಚಬೇಡಿ. ಕೆಲವು ಅಡಾಪ್ಟರ್ ಕಂಪನಿಯಿಂದಲೇ ಎರಡು ಪಿನ್ನಿನವು, ಅವುಗಳಲ್ಲಿ ಸ್ವಲ್ಪ ಜುಮ್ ಇದ್ದೇ ಇರುತ್ತದೆ. ನಾವು ಎಲೆಕ್ಟ್ರಿಷಿಯನ್ ಕರೆಸಿ ಮೂರು ಪಿನ್ ಪಾಯಿಂಟ್ ಹಾಕಿಸಿ, ಮೀಟರ್ ಬೋರ್ಡಿನಿಂದ ಅರ್ಥ್ ವೈರ್ ಎಳೆಸಿದೆವು. ಬರೀ ಮೂರು ತೂತಿನ ಪಾಯಿಂಟ್ ಕೂರಿಸಿ ಹೋಗುವವರೂ ಇದ್ದಾರೆ, ಹಿಂದೆ ಹಸಿರು ವೈರೇ ಇರುವುದಿಲ್ಲ. ಪಕ್ಕದಲ್ಲೇ ನಿಂತು ನೋಡಿ. ಕರೆಂಟ್ ಒಮ್ಮೆಲೇ ಏರಿದರೆ ತಡೆಯುವ ಸ್ಪೈಕ್ ಗಾರ್ಡ್ ತಂದರೂ ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದರದು ಅರೆಬರೆ ಕೆಲಸವೇ.

ಮೇ ಕೊನೆಯಲ್ಲಿ ಮತ್ತು ಅಕ್ಟೋಬರ್‌ನಲ್ಲಿ ಇಲ್ಲಿ ಗುಡುಗು ಸಿಡಿಲು ಜೋರು. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತುಬಿಡುತ್ತೇನೆ. ಸ್ವಿಚ್ ಆರಿಸಿದರೆ ಸಾಲದು, ಕಿತ್ತೇ ಇಡಬೇಕು. ಬ್ಯಾಟರಿ ಇದೆಯಲ್ಲ, ಕೆಲಸ ನಿಲ್ಲುವುದಿಲ್ಲ.

ಬ್ಯಾಟರಿ ಬಗ್ಗೆ ಜನ ಇನ್ನೂ ಹಳೆಯ ಕಾಲದ ಮಾತೇ ಆಡುತ್ತಾರೆ. ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬಿಸಬೇಕಂತೆ. ಅದು ಹಳೆಯ ನಿಕಲ್ ಬ್ಯಾಟರಿಗೆ ಹೇಳಿದ್ದು. ಈಗಿನದು ಲಿಥಿಯಂ. ಇದಕ್ಕೆ ಸೊನ್ನೆಗೆ ಇಳಿಯುವುದೂ ಆಗದು, ಬಿಸಿಯಲ್ಲಿ 100 ಶೇಕಡಾ ತುಂಬಿಕೊಂಡು ದಿನಗಟ್ಟಲೆ ಕೂರುವುದೂ ಆಗದು. ತುಂಬಾ ಕಂಪನಿಗಳು ಲ್ಯಾಪ್‌ಟಾಪಿನ ಜೊತೆ ಕೊಡುವ ಆ್ಯಪ್‌ನಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇರುತ್ತದೆ. ನಾನು ದಿನವಿಡೀ ಮೇಜಿನ ಮೇಲೆ ಪ್ಲಗ್ ಹಾಕಿಕೊಂಡೇ ಕೆಲಸ ಮಾಡುವುದರಿಂದ ಅದನ್ನು ಆನ್ ಮಾಡಿಟ್ಟಿದ್ದೇನೆ. ಊರಿಗೆ ಹೋಗುವ ದಿನ ಮಾತ್ರ 100 ಮಾಡಿಕೊಳ್ಳುತ್ತೇನೆ, ಕ್ಯಾಸಲ್‌ರಾಕ್ ಘಾಟಿಯಲ್ಲಿ ರೈಲು ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಹೇಳಲಾಗದು. ತಿಂಗಳುಗಟ್ಟಲೆ ಮುಟ್ಟುವುದಿಲ್ಲ ಅಂತಾದರೆ ಅರ್ಧ ಚಾರ್ಜ್ ಮಾಡಿ ಇಡಿ. ಖಾಲಿ ಮಾಡಿ ಇಟ್ಟರೆ ಬ್ಯಾಟರಿ ಮತ್ತೆ ಏಳದೇ ಹೋಗಬಹುದು.

ಹಾಸಿಗೆ, ದಿಂಬಿನ ಮೇಲೆ ಇಟ್ಟು ಬಳಸಬೇಡಿ ಅಂತ ಎಲ್ಲರಿಗೂ ಗೊತ್ತು, ಎಲ್ಲರೂ ಇಡುತ್ತಾರೆ. ಗಾಳಿ ಎಳೆದುಕೊಳ್ಳುವ ಕಿಂಡಿ ಬಹಳಷ್ಟು ಮಾಡೆಲ್‌ಗಳಲ್ಲಿ ಕೆಳಗೇ ಇರುತ್ತದೆ. ನಾನು ರೊಟ್ಟಿ ತಟ್ಟುವ ಹಳೆಯ ಮಣೆ ಇಟ್ಟುಕೊಂಡಿದ್ದೇನೆ, ಹಾಸಿಗೆಯ ಮೇಲೆ ಕೂತರೂ ಲ್ಯಾಪ್‌ಟಾಪ್ ಅದರ ಮೇಲೆ.

ಕೊಳ್ಳುವ ವಿಷಯ ಸ್ವಲ್ಪ ಹೇಳುತ್ತೇನೆ. ನನ್ನದು ಹೊಸದಲ್ಲ, ಆಫೀಸಿನಲ್ಲಿ ಓಡಿಸಿ ರಿಪೇರಿ ಮಾಡಿ ಮಾರಿದ್ದು. ಲೆಕ್ಕದ ಕೆಲಸಕ್ಕೆ ಧಾರಾಳ ಸಾಕು. ಹಾಗೆ ಕೊಳ್ಳುವವರು ಇಂಟೆಲ್ ಪ್ರೊಸೆಸರಿನ ಐ5 ಅನ್ನುವ ಸ್ಟಿಕರ್ ನೋಡಿ ಖುಷಿಪಡಬೇಡಿ, ಅದರ ಮುಂದಿನ ನಂಬರ್ ನೋಡಿ. 7200 ಅಂದರೆ ಏಳನೇ ತಲೆಮಾರು, 8250 ಅಂದರೆ ಎಂಟನೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮುಂದೆ. ಹಳೆಯದರಲ್ಲೂ ಹೇಗೋ ಹಾಕಿ ಕೊಡುತ್ತಾರೆ, ಆದರೆ ಅಪ್‌ಡೇಟ್‌ಗೆ ಖಾತ್ರಿ ಇಲ್ಲ. ಅಂಗಡಿಯಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ. ಡಿಸೈನ್ ಕೆಪಾಸಿಟಿ (ಹೊಸದಿದ್ದಾಗ ಹಿಡಿಯುತ್ತಿದ್ದದ್ದು), ಫುಲ್ ಚಾರ್ಜ್ ಕೆಪಾಸಿಟಿ (ಈಗ ಹಿಡಿಯುವುದು) ಅಂತ ಎರಡು ಅಂಕಿ ಬರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಶಿ ಮಾಡಿ.

ಅಂಗಡಿಯ ಹುಡುಗ "ದೀದಿ, ಮೇಲ್ ಐಡಿ ನಾನೇ ಹಾಕಿ ಕೊಡ್ತೀನಿ" ಅಂತ ಹಿಂದಿಯಲ್ಲಿ ಹೇಳಿದ. ಬೇಡ ಅಂದೆ. ಇದರ ಬಗ್ಗೆ ದಯವಿಟ್ಟು ಹುಷಾರಾಗಿರಿ. ವಿಂಡೋಸ್ 11ರಲ್ಲಿ ಎಷ್ಟೋ ಲ್ಯಾಪ್‌ಟಾಪ್‌ಗಳು ಡಿಸ್ಕನ್ನು ತಾವೇ ಎನ್‌ಕ್ರಿಪ್ಟ್ ಮಾಡಿಕೊಂಡು, ಅಂದರೆ ಕೀ ಇಲ್ಲದೆ ಯಾರೂ ಓದದಂತೆ ಬೀಗ ಹಾಕಿಕೊಂಡು, ಅದರ 48 ಅಂಕಿಯ ರಿಕವರಿ ಕೀಯನ್ನು ಸೈನ್ ಇನ್ ಮಾಡಿದ ಮೈಕ್ರೋಸಾಫ್ಟ್ ಖಾತೆಯಲ್ಲಿ ಇಡುತ್ತವೆ. ಮುಂದೆ ಯಾವತ್ತೋ ನೀಲಿ ತೆರೆ ಬಂದು ಆ ಕೀ ಕೇಳಿದಾಗ, ಖಾತೆ ಆ ಹುಡುಗ ಸುಮ್ನೆ ಹುಟ್ಟಿಸಿದ ಮೇಲ್‌ನದು ಆಗಿದ್ದರೆ ನಿಮ್ಮ ಫೈಲು ನಿಮಗೇ ಸಿಗುವುದಿಲ್ಲ. ನನ್ನ ಕೀಯನ್ನು ಕಾಗದದ ಮೇಲೆ ಬರೆದು ರೇಷನ್ ಕಾರ್ಡಿನ ಫೈಲಿನಲ್ಲಿ ಇಟ್ಟಿದ್ದೇನೆ. ಬೀರುವಿನಲ್ಲಿ ಇಡಬೇಕಾದ್ದು ಅದು!

ಬ್ಯಾಕಪ್ ಎರಡು ಕಡೆ. ಶನಿವಾರ ಸಂಜೆ ಹೊರಗಿನ ಹಾರ್ಡ್ ಡಿಸ್ಕಿಗೆ, ಮತ್ತು ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಬ್ಯಾಕಪ್ ಫೈಲು ಗೂಗಲ್ ಡ್ರೈವ್‌ಗೆ. 15 ಜಿಬಿ ಬಿಟ್ಟಿ ಜಾಗ ಲೆಕ್ಕದ ಫೈಲಿಗೆ ಬೇಕಾದಷ್ಟಾಯಿತು, ಮದುವೆ ಫೋಟೋ ತುಂಬದಿದ್ದರೆ.

ವಾಸ್ಕೋದಲ್ಲಿ ಇರುವವರಿಗೆ ಕಪ್ಪು ಧೂಳಿನ ಬಗ್ಗೆ ಹೇಳಬೇಕಿಲ್ಲ. ಬೆಳಿಗ್ಗೆ ಒರೆಸಿದ ಕಿಟಕಿ ಹಲಗೆಗೆ ಸಂಜೆ ಬೆರಳು ತಾಗಿಸಿದರೆ ಮಸಿ. ಅದೇ ಧೂಳು ಫ್ಯಾನಿನಲ್ಲಿ ಸೇರಿ, ತೇವಕ್ಕೆ ಅಂಟಿ, ಕಂಬಳಿ ಹಾಗೆ ಕೂರುತ್ತದೆ. ಮಳೆ ನಿಂತ ಮೇಲೆ ಒಮ್ಮೆ ಒಳಗೆ ಸ್ವಚ್ಛ ಮಾಡಿಸುತ್ತೇನೆ. ಬ್ಲೋವರ್ ಹಿಡಿಯುವಾಗ ಫ್ಯಾನು ತಿರುಗದಂತೆ ತಡೆದು ಹಿಡಿಯಬೇಕು, ಇಲ್ಲದಿದ್ದರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಕೆಡಬಹುದು. ತೆರೆಗೆ ಕಿಟಕಿ ಗಾಜಿನ ಸ್ಪ್ರೇ ಬೇಡವೇ ಬೇಡ. ಮೈಕ್ರೋಫೈಬರ್ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಆಫ್ ಮಾಡಿದ ತೆರೆಯ ಮೇಲೆ ಮೆಲ್ಲಗೆ ಆಡಿಸಿದರೆ ಸಾಕು.

ಚಹಾ ಚೆಲ್ಲಿದರೆ? ಮೊದಲು ಪ್ಲಗ್ ಕೀಳಿ, ಪವರ್ ಬಟನ್ ಒತ್ತಿ ಹಿಡಿದು ಆರಿಸಿ, ಕೀಬೋರ್ಡ್ ಕೆಳಮುಖವಾಗುವಂತೆ ಬೋರಲು ಹಾಕಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದ ಉಪಯೋಗ ಇಲ್ಲ, ಪುಡಿ ಒಳಗೆ ಹೋಗುವುದೇ ಲಾಭ. ಚಹಾದ ಸಕ್ಕರೆ, ಹಾಲು ಒಣಗಿದ ಮೇಲೂ ಒಳಗೇ ಇರುತ್ತವೆ, ಬಿಚ್ಚಿ ತೊಳೆಯಲೇಬೇಕು. ಆನ್ ಆಗುತ್ತದಾ ಅಂತ ಒಮ್ಮೆ ನೋಡುವ ಆಸೆ ಬೇಡ, ಸೀದಾ ರಿಪೇರಿಯವರ ಹತ್ತಿರ ಒಯ್ಯಿರಿ. ಕೊಡುವ ಮುಂಚೆ ಹಿಂಭಾಗದ ಸೀರಿಯಲ್ ನಂಬರಿನ ಫೋಟೋ ತೆಗೆದುಕೊಳ್ಳಿ, ರಸೀದಿಯಲ್ಲಿ ರ್‍ಯಾಮ್ ಎಷ್ಟು, ಡಿಸ್ಕ್ ಎಷ್ಟು ಅಂತ ಬರೆಸಿ, ಚಾರ್ಜರ್ ಕೇಳದಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ.